ಬಿಸಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ

ಪ್ರಶ್ನೆ: ನಮ್ಮ ತಂದೆಯವರ ಪೆಟ್ರೋಲ್ ಅಂಬಾಸಿಡರ್ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ದೂರ ಓಡಿಸಿ, ಕಾಫಿಗೆಂದು ಸ್ವಲ್ಪ ಹೊತ್ತು ನಿಲ್ಲಿಸಿದರೆ ಮಾತ್ರ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗದು. ಏಕೆ?

ಉತ್ತರ: ಎಂಜಿನ್ ಆಫ್ ಮಾಡಿದೊಡನೆ ಫ್ಯಾನ್ ನಿಲ್ಲುತ್ತದೆ, ರೇಡಿಯೇಟರ್ ನೀರಿನ ಓಡಾಟವೂ ನಿಲ್ಲುತ್ತದೆ. ಹಾಗಾಗಿ ಬಾನೆಟ್ ಒಳಗಿನ ಶಾಖ ಕೆಲವು ನಿಮಿಷ ಏರುತ್ತಲೇ ಹೋಗುತ್ತದೆ. ಹಳೆಯ 1489 ಸಿಸಿ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಇರುವುದು ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಮಗ್ಗುಲಲ್ಲೇ. ಅದರೊಳಗಿನ ಪೆಟ್ರೋಲ್ ಉಕ್ಕಿ ಎಂಜಿನ್ನಿಗೆ ಇಳಿಯಬಹುದು. ಇಲ್ಲವೇ ಪಂಪು, ಪೈಪುಗಳಲ್ಲಿ ಆವಿಯಾಗಿ ಕಾರ್ಬ್ಯುರೇಟರಿಗೆ ಪೆಟ್ರೋಲೇ ಬಾರದಿರಬಹುದು.

ಯಾವುದೆಂದು ಮೂಗೇ ಹೇಳುತ್ತದೆ. ಘಾಟು ಜೋರಾಗಿದ್ದರೆ ಬಾನೆಟ್ ಎತ್ತಿ, ಸೋರಿಕೆ ಇಲ್ಲವೆಂದು ಖಚಿತಮಾಡಿಕೊಂಡು, ವಾಸನೆ ಆರುವವರೆಗೆ ಕಾಯಿರಿ. ಆಮೇಲೆ ಚೋಕ್ ಎಳೆಯದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪದೇ ಪದೇ ತುಳಿಯಬೇಡಿ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ತಣಿದೊಡನೆ ಸ್ಟಾರ್ಟ್ ಆದರೆ ಕಾರಣ ಸಿಕ್ಕಂತೆ. ಶಾಶ್ವತ ಪರಿಹಾರಕ್ಕೆ ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ, ಕಾರ್ಬ್ಯುರೇಟರ್ ಕೆಳಗಿನ ಶಾಖ ತಡೆಯುವ ತಗಡು ಇದೆಯೇ ನೋಡಿ, ಫ್ಲೋಟ್ ಮಟ್ಟ ಸರಿಮಾಡಿಸಿ.

ಬಿಸಿಯಲ್ಲಿ ಸೆಲ್ಫೇ ಭಾರವಾಗಿ ತಿರುಗಿದರೆ ಬ್ಯಾಟರಿ ಟರ್ಮಿನಲ್, ಅರ್ತ್ ಕೇಬಲ್ ಉಜ್ಜಿ ಬಿಗಿಮಾಡಿ. ಸೆಲ್ಫ್ ಚೆನ್ನಾಗಿದ್ದೂ ಸ್ಪಾರ್ಕ್ ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್, ಕಂಡೆನ್ಸರ್ ಪರೀಕ್ಷಿಸಬೇಕು. ಇವೆರಡೂ ಕಾದಾಗಲೇ ಕೈಕೊಡುವುದು ಹೆಚ್ಚು. ಗಾಡಿ ತಣ್ಣಗಾದ ಮೇಲೆ ಮೆಕ್ಯಾನಿಕ್ ಹತ್ತಿರ ಒಯ್ದರೆ ದೋಷ ಕಾಣಿಸುವುದೇ ಇಲ್ಲ; ಬಿಸಿಯಿರುವಾಗಲೇ ತೋರಿಸಿ.