ಸಿಹಿ ಬೇಡವೆಂದ ಜಿರಲೆ

ಮಕ್ಕಳೇ, ರಾತ್ರಿ ಅಡುಗೆ ಮನೆಯ ದೀಪ ಹಾಕಿದೊಡನೆ ಸರಸರನೆ ಸಂದಿಗೆ ನುಗ್ಗುವ ಸಣ್ಣ ಕಂದು ಜಿರಲೆಯನ್ನು ನೀವು ನೋಡಿರಬಹುದು. ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿದ್ದರೆ ಅದು ಜರ್ಮನ್ ಜಿರಲೆ. (ಹೆಸರು ಜರ್ಮನಿಯದು. ಆದರೆ ಅದರ ಮೂಲ ಭಾರತ ಅಥವಾ ಮ್ಯಾನ್ಮಾರ್ ಇರಬೇಕೆಂದು 2024ರ ಅಧ್ಯಯನವೊಂದು ಹೇಳಿದೆ!) ಕೊಳೆಯಲ್ಲಿ ಓಡಾಡಿದ ಕಾಲಿನಲ್ಲೇ ಅದು ನಮ್ಮ ಅನ್ನದ ಮೇಲೂ ಹರಿದಾಡುತ್ತದೆ. ಅದರ ಹಿಕ್ಕೆ, ಕಳಚಿದ ಪೊರೆಯ ಪುಡಿ ಕೆಲವು ಮಕ್ಕಳಲ್ಲಿ ಆಸ್ತಮಾ ಕೆರಳಿಸುತ್ತವೆ.

ಔಷಧಿ ಸಿಂಪಡಿಸಿದರೆ ಮನೆಯಲ್ಲೆಲ್ಲ ವಿಷ ಹರಡುತ್ತದೆ. ಆದ್ದರಿಂದ 1980ರ ದಶಕದಲ್ಲಿ ಅಮೆರಿಕದಲ್ಲಿ ಸಿಹಿ ತಿಂಡಿಗೆ ತುಸು ವಿಷ ಬೆರೆಸಿ ಪುಟ್ಟ ಡಬ್ಬಿಗಳಲ್ಲಿ ಇಡತೊಡಗಿದರು. ಜಿರಲೆಗಳು ತಿಂದು ಸತ್ತವು. ಆದರೆ ಕೆಲವೇ ವರ್ಷಗಳಲ್ಲಿ ಫ್ಲಾರಿಡಾದಲ್ಲಿ, ಡಬ್ಬಿ ಇದ್ದರೂ ಜಿರಲೆಗಳು ಆರಾಮವಾಗಿ ಓಡಾಡುವುದು ಕಂಡುಬಂತು.

ಅವಕ್ಕೆ ವಿಷವನ್ನು ತಾಳುವ ಶಕ್ತಿ ಬಂದಿತ್ತೇ? ಕ್ಲೋರಾಕ್ಸ್ ಕಂಪನಿಯಲ್ಲಿದ್ದ ಕೀಟವಿಜ್ಞಾನಿ ಜೂಲ್ಸ್ ಸಿಲ್ವರ್‌ಮನ್ ಪರೀಕ್ಷಿಸಿದರು. ವಿಷ ದೇಹ ಸೇರಿದರೆ ಜಿರಲೆ ಸಾಯುತ್ತಿತ್ತು. ಹಾಗಾದರೆ ತೊಂದರೆ ಇರುವುದು ತಿಂಡಿಯಲ್ಲಿ! ಅವರು ತಿಂಡಿಯ ಒಂದೊಂದು ಪದಾರ್ಥವನ್ನೂ ಬೇರೆಬೇರೆಯಾಗಿ ಇಟ್ಟು ನೋಡಿದರು. ಗ್ಲೂಕೋಸ್ ಬಾಯಿಗೆ ತಾಗಿದೊಡನೆ ಜಿರಲೆಗಳು ಹಿಂದಕ್ಕೆ ಸರಿದವು. ವಿಷವನ್ನೇ ಕಾಣದ ಅವುಗಳ ಮರಿಗಳೂ ಹಾಗೆಯೇ ಮಾಡಿದವು.

ಇದು ಹೇಗಾಯಿತು ಗೊತ್ತೇ? ಜಿರಲೆಗಳು ಬುದ್ಧಿ ಕಲಿತದ್ದಲ್ಲ. ಹುಟ್ಟಿನಿಂದಲೇ ಗ್ಲೂಕೋಸ್ ಸೇರದ ಕೆಲವು ಮೊದಲೇ ಇದ್ದವು. ಸಿಹಿ ತಿಂದವು ಸತ್ತವು, ತಿನ್ನದವು ಉಳಿದವು. ಒಂದು ಮೊಟ್ಟೆಚೀಲದಲ್ಲಿ 30-40 ಮೊಟ್ಟೆ! ಉಳಿದವುಗಳ ಸಂತತಿಯೇ ಮನೆ ತುಂಬಿತು.

ಸಿಲ್ವರ್‌ಮನ್ ಮುಂದೆ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯ ಸೇರಿದರು. ಕಂಪನಿಯಲ್ಲಿ ಎದ್ದ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಿತು. ಅಯಾಕೊ ವಾಡಾ-ಕಟ್ಸುಮಾಟಾ, ಕೋಬಿ ಶಾಲ್ ಅವರೊಡನೆ ಅವರು ಜಿರಲೆಯ ಬಾಯಿಯ ಬಳಿಯ ಸೂಕ್ಷ್ಮ ರೋಮಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ರೋಮಗಳಲ್ಲಿ ಸಿಹಿ ತಿಳಿಯುವ ನರಕೋಶವೂ ಕಹಿ ತಿಳಿಯುವ ನರಕೋಶವೂ ಇವೆ. ಆ ಜಿರಲೆಗಳಲ್ಲಿ ಗ್ಲೂಕೋಸ್ ಕಹಿಯ ನರಕೋಶವನ್ನೂ ಎಬ್ಬಿಸುತ್ತಿತ್ತು. ನಮಗೆ ಬೆಲ್ಲವೇ ಬೇವಾದಂತೆ!

ಆದರೆ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಅವು ಚಪ್ಪರಿಸಿ ತಿನ್ನುತ್ತಿದ್ದವು. ಆದ್ದರಿಂದ ತಯಾರಕರು ಗ್ಲೂಕೋಸ್ ಬಿಟ್ಟು ಬೇರೆ ಸಿಹಿಗಳತ್ತ ತಿರುಗಿದರು.

ನಿಮ್ಮ ಮನೆಯಲ್ಲಿ ಇಂಥ ವಿಷದ ತಿಂಡಿ ಇಟ್ಟಿದ್ದರೆ ಅದನ್ನು ಮುಟ್ಟಬೇಡಿ. ಅದರ ಪಕ್ಕ ಔಷಧಿ ಸಿಂಪಡಿಸದಂತೆ ಹಿರಿಯರಿಗೆ ತಿಳಿಸಿ, ಏಕೆಂದರೆ ಸಿಂಪಡಿಸಿದ ಕಡೆ ಜಿರಲೆ ಸುಳಿಯದೆ ಹೋಗಬಹುದು. ಎಂಜಲು ಪಾತ್ರೆಗಳನ್ನೂ ರಾತ್ರಿಯೇ ತೊಳೆದಿಡಿ. ಅನ್ನದ ಅಗುಳು ಸಿಕ್ಕರೆ ಅದು ಡಬ್ಬಿಯತ್ತ ಏಕೆ ಹೋದೀತು?