ತೆರೆಯ ಮೇಲಣ ಅದ್ಭುತಗಳೂ ತೆರೆಯ ಹಿಂದಣ ಕೈಗಳೂ

ಚಲಚ್ಚಿತ್ರವನ್ನು ನೋಡಿಬಂದ ವಿದ್ಯಾರ್ಥಿನಿಯರು ಕೇಳುವ ಪ್ರಶ್ನೆಗಳಲ್ಲಿ ಮೊದಲನೆಯದು "ಅದನ್ನು ಹೇಗೆ ಮಾಡಿದರು?" ಎಂಬುದೇ ಆಗಿರುತ್ತದೆ. ಸಮುದ್ರವು ಇಬ್ಭಾಗವಾಯಿತು, ಬೆಟ್ಟದಂತಹ ಕಪಿಯು ಗಗನಚುಂಬಿಯಾದ ಕಟ್ಟಡವನ್ನೇರಿತು, ಇದ್ದ ಮನುಷ್ಯನು ಕಣ್ಣೆದುರಿನಲ್ಲಿಯೇ ಇಲ್ಲದಂತಾದನು. ಈಗಿನ ಕಾಲದಲ್ಲಿ ಇದಕ್ಕೆ "ಕಂಪ್ಯೂಟರಿನಿಂದ" ಎಂಬ ಒಂದೇ ಪದದ ಉತ್ತರವು ಸಿದ್ಧವಾಗಿದೆ. ಆದರೆ ಆ ಯಂತ್ರವು ಚಿತ್ರಶಾಲೆಯನ್ನು ಪ್ರವೇಶಿಸುವುದಕ್ಕೆ ಬಹುಕಾಲ ಮುಂಚೆಯೇ ಮರ, ಬಟ್ಟೆ, ನೀರು, ರಬ್ಬರು, ಬಣ್ಣ ಇವುಗಳಿಂದಲೂ ಮನುಷ್ಯರ ಕೈಗಳಿಂದಲೂ ಇಂತಹ ಅದ್ಭುತಗಳು ಆಗಿಹೋಗಿವೆ. ಅವುಗಳಲ್ಲಿ ನಮಗೆ ಅತಿ ಪ್ರಿಯವಾದ ಕೆಲವನ್ನು ಆರಿಸಿ, ಅವುಗಳ ಮರ್ಮವನ್ನು ಇಲ್ಲಿ ವಿವರಿಸುವೆವು.

ಮೊದಲು ಒಂದು ಮೂಲತತ್ತ್ವವನ್ನು ತಿಳಿದುಕೊಳ್ಳಬೇಕು. ಚಲಚ್ಚಿತ್ರದಲ್ಲಿ ಚಲಿಸುವ ಚಿತ್ರವೆಂಬುದೇ ಇಲ್ಲ. ಅದರಲ್ಲಿರುವುವೆಲ್ಲ ನಿಶ್ಚಲ ಚಿತ್ರಗಳೇ. ಮಾತಿನ ಚಿತ್ರಗಳಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ತೆರೆಯ ಮೇಲೆ ಬೀಳುವುವು. ಹಿಂದಿನ ಮೂಕಚಿತ್ರಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಅವು ಒಂದರ ಬೆನ್ನಿಗೊಂದು ತ್ವರೆಯಾಗಿ ಬರುವುದರಿಂದ ನಮಗೆ ಬಿಡಿಬಿಡಿಯಾಗಿ ತೋರದೆ ಒಂದೇ ಚಲನೆಯಾಗಿ ತೋರುವುವು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಇರುವ ಕಿರಿದಾದ ಸಂದಿನಲ್ಲಿಯೇ ಮಾಯೆಗೆ ಅವಕಾಶ ದೊರೆಯುವುದು.

ಈ ಸಂದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೇ ಎಂಬವರು ಅಗ್ರಗಣ್ಯರು. ಅವರು ಪ್ಯಾರಿಸ್ ನಗರದಲ್ಲಿ ಇಂದ್ರಜಾಲದ ನಾಟಕಶಾಲೆಯೊಂದರ ಒಡೆಯರಾಗಿದ್ದರು. ಒಮ್ಮೆ ಬೀದಿಯ ದೃಶ್ಯವನ್ನು ಚಿತ್ರಿಸುತ್ತಿರುವಾಗ ಕ್ಯಾಮರಾ ಸಿಕ್ಕಿಕೊಂಡು ಸ್ವಲ್ಪ ಹೊತ್ತು ನಿಂತುಹೋಯಿತೆಂದೂ, ಚಿತ್ರವನ್ನು ತೆರೆಯ ಮೇಲೆ ನೋಡಿದಾಗ ಪ್ರಯಾಣಿಕರ ಬಂಡಿಯೊಂದು ಥಟ್ಟನೆ ಶವವಾಹನವಾಗಿ ಮಾರ್ಪಟ್ಟಂತೆ ಕಂಡಿತೆಂದೂ ಅವರೇ ಹೇಳಿಕೊಂಡಿರುವರು. ಕ್ಯಾಮರಾ ನಿಂತಿದ್ದಾಗ ಒಂದು ಬಂಡಿಯು ಸರಿದು ಇನ್ನೊಂದು ಅದೇ ಸ್ಥಳಕ್ಕೆ ಬಂದಿತ್ತು, ಅಷ್ಟೇ. ಮನುಷ್ಯನನ್ನು ಮಾಯಮಾಡುವ ಉಪಾಯವೂ ಇದೇ. ಎಲ್ಲರೂ ನಿಂತಂತೆಯೇ ನಿಂತಿರಬೇಕು, ಕ್ಯಾಮರಾವನ್ನು ತಡೆಯಬೇಕು, ಮಾಯವಾಗತಕ್ಕವನು ಎದ್ದುಹೋಗಬೇಕು, ಬಳಿಕ ಕ್ಯಾಮರಾವನ್ನು ಪುನಃ ನಡೆಯಿಸಬೇಕು.

1901ರಲ್ಲಿ ಅವರು ತಯಾರಿಸಿದ ರಬ್ಬರು ತಲೆಯ ಮನುಷ್ಯನ ಚಿತ್ರದಲ್ಲಿ ಮೇಜಿನ ಮೇಲಿರುವ ತಲೆಯೊಂದು ತಿದಿಯಿಂದ ಗಾಳಿ ಊದಿದ ಹಾಗೆಲ್ಲ ಉಬ್ಬುತ್ತಾ ಹೋಗುವುದು. ಅದು ಮೆಲಿಯೇಯವರದೇ ತಲೆ. ಕ್ಯಾಮರಾವನ್ನು ಅಲುಗಿಸದೆ, ಅವರು ತಾವೇ ಗಾಲಿಗಳುಳ್ಳ ಪೀಠದ ಮೇಲೆ ಕುಳಿತು ಇಳಿಜಾರು ಹಲಗೆಯ ಮೇಲಿಂದ ಅದರ ಕಡೆಗೆ ಸರಿಯುತ್ತಾ ಬಂದರು. ಸಮೀಪಕ್ಕೆ ಬಂದ ವಸ್ತುವು ದೊಡ್ಡದಾಗಿ ಕಾಣುವುದೆಂಬುದು ಚಿಕ್ಕ ಮಗುವಿಗೂ ಗೊತ್ತಿರುವ ಸಂಗತಿ. ಸುತ್ತಲೂ ಕಪ್ಪು ಬಟ್ಟೆಯಿದ್ದುದರಿಂದ ದೂರವನ್ನು ಅಳೆಯುವುದಕ್ಕೆ ಕಣ್ಣಿಗೆ ಬೇರೆ ಗುರುತೇ ಸಿಕ್ಕಲಿಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಯಿಸಿದವರು ಧುಂಡಿರಾಜ ಗೋವಿಂದ ಫಾಲ್ಕೆಯವರು. ಅವರು 1913ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ಪ್ರದರ್ಶಿಸುವುದಕ್ಕೆ ಮುಂಚೆಯೇ ಬಟಾಣಿಯ ಬೀಜವೊಂದು ಮೊಳೆತು ಗಿಡವಾಗುವುದನ್ನು ಚಿತ್ರಿಸಿದರು. ಕುಂಡದ ಮುಂದೆ ಕ್ಯಾಮರಾವನ್ನು ನಿಲ್ಲಿಸಿ, ದಿನಗಟ್ಟಲೆ ಬಿಡಿಬಿಡಿಯಾಗಿ ಚಿತ್ರಗಳನ್ನು ತೆಗೆದರು. ಅವುಗಳನ್ನು ಒಟ್ಟಾಗಿ ಓಡಿಸಿದಾಗ ಅನೇಕ ದಿನಗಳ ಬೆಳವಣಿಗೆಯು ಕ್ಷಣಮಾತ್ರದಲ್ಲಿ ಮುಗಿಯಿತು. ಇದಕ್ಕಿಂತ ಸತ್ಯವಾದ ಮಾಯೆಯುಂಟೇ? ಇದರಲ್ಲಿ ಸುಳ್ಳು ಒಂದಿಷ್ಟೂ ಇಲ್ಲ. ನಮ್ಮ ಕಣ್ಣಿಗೆ ಇಲ್ಲದ ತಾಳ್ಮೆಯನ್ನು ಕ್ಯಾಮರಾವು ಒದಗಿಸಿಕೊಟ್ಟಿತು. 1919ರ 'ಕಾಲಿಯಮರ್ದನ'ದಲ್ಲಿ ಬಾಲಕೃಷ್ಣನ ವೇಷವನ್ನು ಧರಿಸಿದವಳು ಅವರ ಪುಟ್ಟ ಮಗಳಾದ ಮಂದಾಕಿನಿ. ಫಾಲ್ಕೆಯವರ ಪತ್ನಿ ಸರಸ್ವತಿಬಾಯಿಯವರು ಕತ್ತಲೆಯ ಕೋಣೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರಗಳನ್ನು ಹೊಡೆಯುವುದನ್ನೂ ಅದನ್ನು ರಸಾಯನದಲ್ಲಿ ತೊಳೆಯುವುದನ್ನೂ ಕಲಿತರು. ಕೆಲಸಗಾರರೆಲ್ಲರ ಊಟದ ಭಾರವನ್ನೂ ಹೊತ್ತರು. ಆ ರಂಧ್ರಗಳು ಒಂದೇ ಅಳತೆಯಲ್ಲಿರದಿದ್ದರೆ ಫಿಲ್ಮು ಕ್ಯಾಮರಾದಲ್ಲಿ ಸರಿಯಾಗಿ ಓಡದು. ತೆರೆಯ ಮೇಲೆ ಕಂಡವನು ಹರಿಶ್ಚಂದ್ರ. ಕಾಣದೆ ಉಳಿದವರು ಈ ಗೃಹಿಣಿ.

ಅಮೆರಿಕಾ ದೇಶದಲ್ಲಿ 1933ರಲ್ಲಿ ಹೊರಬಂದ 'ಕಿಂಗ್ ಕಾಂಗ್' ಎಂಬ ಚಿತ್ರದ ದೈತ್ಯಕಪಿಯ ಬೊಂಬೆಯು ಕೇವಲ ಒಂದೂವರೆ ಅಡಿ ಎತ್ತರದ್ದಾಗಿತ್ತು! ಒಳಗೆ ಕೀಲುಗಳುಳ್ಳ ಲೋಹದ ಅಸ್ಥಿಪಂಜರ, ಅದರ ಸುತ್ತ ಹತ್ತಿ ಮತ್ತು ರಬ್ಬರು, ಮೇಲೆ ಮೊಲದ ತುಪ್ಪಳು. ವಿಲ್ಲಿಸ್ ಓಬ್ರಿಯನ್ ಎಂಬವರೂ ಅವರ ಸಹಾಯಕರೂ ಬೊಂಬೆಯ ಅಂಗಗಳನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ತೆಗೆಯುತ್ತಾ ಹೋದರು. ಕಪಿಯು ಒಂದು ನಿಮಿಷ ಚಲಿಸಬೇಕಾದರೆ 1,440 ಚಿತ್ರಗಳು ಬೇಕೆಂಬುದನ್ನು ನಮ್ಮ ಬಾಲೆಯರು ತಾವೇ ಲೆಕ್ಕಹಾಕಿ ನೋಡಬಹುದು. ಪ್ರತಿ ಬಾರಿಯೂ ಬೆರಳು ತಗಲಿದ ಕಡೆ ತುಪ್ಪಳು ಅಸ್ತವ್ಯಸ್ತವಾಗುತ್ತಿತ್ತು. ಆದಕಾರಣ ತೆರೆಯ ಮೇಲೆ ಕಪಿಯ ರೋಮಗಳು ಗಾಳಿಗೆ ನವಿರೇಳುವಂತೆ ಕಾಣುವುವು. ಕೆಲವರು ಅದನ್ನು ದೋಷವೆನ್ನಬಹುದು. ನಮಗಾದರೋ ಆ ಚಿತ್ರದಲ್ಲಿ ಅದೇ ಅತಿ ಪ್ರಿಯವಾದ ಅಂಶ. ಮುಚ್ಚಿಡಬೇಕೆಂದಿದ್ದ ಕೈಗಳ ಗುರುತು ಅಲ್ಲಿ ತಾನಾಗಿಯೇ ಉಳಿದುಬಂದಿದೆ.

ಸೆಸಿಲ್ ಡಿಮಿಲ್ ಅವರು 'ದಶಾಜ್ಞೆಗಳು' ಎಂಬ ಕಥೆಯನ್ನು ಎರಡು ಸಲ ಚಿತ್ರಿಸಿದರು. 1923ರ ಚಿತ್ರದಲ್ಲಿ ಕೆಂಪು ಸಮುದ್ರದ ನೀರಿನ ಗೋಡೆಗಳಾಗಿ ನಿಂತುದು ಊಟದ ಮೇಜಿಗೆ ಬರುವ ಜೆಲ್ಲಿ! ಅದರ ಗಟ್ಟಿಯನ್ನು ಇಬ್ಭಾಗವಾಗಿ ಕೊಯ್ದು ಬಹು ಸಮೀಪದಿಂದ ಚಿತ್ರಿಸಿ, ಜನರು ನಡೆದುಹೋಗುವ ಚಿತ್ರದೊಡನೆ ಕೂಡಿಸಿದರು. 1956ರ ಚಿತ್ರದಲ್ಲಿ ದೊಡ್ಡ ತೊಟ್ಟಿಗಳೊಳಕ್ಕೆ ಅಪಾರವಾದ ನೀರನ್ನು ಸುರಿಸಿ ಚಿತ್ರಿಸಿದರು; ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿದಾಗ, ಧುಮುಕಿದ ನೀರೇ ಮೇಲಕ್ಕೇರಿ ದಾರಿ ಬಿಟ್ಟಂತಾಯಿತು.

ನಾವು ಕೊನೆಗೆಂದು ಉಳಿಸಿಕೊಂಡಿರುವುದು ಮೆಲಿಯೇಯವರ 1902ರ 'ಚಂದ್ರಲೋಕಯಾತ್ರೆ'ಯನ್ನು. ಆಗ ಬಣ್ಣದ ಚಿತ್ರಗಳನ್ನು ತೆಗೆಯುವ ಅನುಕೂಲವಿರಲಿಲ್ಲ. ಆದರೂ ಈ ಚಿತ್ರದ ಕೆಲವು ಪ್ರತಿಗಳು ಬಣ್ಣದವಾಗಿದ್ದುವು. ಪ್ಯಾರಿಸ್ಸಿನಲ್ಲಿ ಎಲಿಸಬೆತ್ ಥುಯಿಲಿಯೇ ಎಂಬ ಮಹಿಳೆಯು ನಡೆಯಿಸುತ್ತಿದ್ದ ಕಾರ್ಯಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸ್ತ್ರೀಯರು ಮೆಲಿಯೇ ಮೊದಲಾದವರ ಫಿಲ್ಮುಗಳಿಗೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ಹೆಬ್ಬೆರಳಿಗಿಂತ ಹೆಚ್ಚು ಅಗಲವಿಲ್ಲದ ಒಂದೊಂದು ಚಿತ್ರ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಒಬ್ಬಳು ಕೆಂಪನ್ನು ತುಂಬಿ ಮುಂದಕ್ಕೆ ಕೊಟ್ಟರೆ ಇನ್ನೊಬ್ಬಳು ಹಸುರನ್ನು ತುಂಬುವಳು. ಕಾಲಕ್ರಮದಲ್ಲಿ ಮೆಲಿಯೇಯವರು ನಷ್ಟಕ್ಕೊಳಗಾಗಿ, 1923ರಲ್ಲಿ ತಮ್ಮ ಮೂಲ ಫಿಲ್ಮುಗಳನ್ನು ತಾವೇ ಸುಟ್ಟುಬಿಟ್ಟರು. ಬಣ್ಣದ ಚಂದ್ರಯಾತ್ರೆಯು ಇನ್ನು ಇಲ್ಲವೆಂದೇ ಲೋಕವು ಬಹುಕಾಲ ನಂಬಿತ್ತು. 1993ರಲ್ಲಿ ಅದರ ಒಂದು ಪ್ರತಿಯು ಸ್ಪೇನ್ ದೇಶದ ಬಾರ್ಸಿಲೋನದಲ್ಲಿ ದೊರೆಯಿತು. ಆದರೆ ಅದು ಜೀರ್ಣವಾಗಿ ಅಂಟಿಕೊಂಡು ಗಟ್ಟಿಯಾಗಿತ್ತು. ಪರಿಣತರು ವರ್ಷಗಟ್ಟಲೆ ಶ್ರಮಿಸಿ ಅದನ್ನು ತುಣುಕು ತುಣುಕಾಗಿ ಬಿಡಿಸಿದರು. ಬಳಿಕ ಕಂಪ್ಯೂಟರಿನ ಸಹಾಯದಿಂದ ಒಂದೊಂದು ಚಿತ್ರವನ್ನೂ ಸರಿಪಡಿಸಿದರು. 2011ರಲ್ಲಿ ಕಾನ್ ನಗರದ ಚಿತ್ರೋತ್ಸವದಲ್ಲಿ ಜನರು ಅದನ್ನು ಪುನಃ ನೋಡಿದರು.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ಕಂಪ್ಯೂಟರು ಕೈಗೆಲಸದ ವೈರಿಯಲ್ಲ. ನಶಿಸಿಹೋಗುತ್ತಿದ್ದ ಕೈಗೆಲಸವನ್ನು ಉಳಿಸಿಕೊಟ್ಟುದರಲ್ಲಿ ಅದಕ್ಕೂ ಪಾಲುಂಟು. ಅದರ ಮುಂದೆಯೂ ಮನುಷ್ಯರೇ ಕುಳಿತು ರಾತ್ರಿ ಹಗಲು ದುಡಿಯುತ್ತಾರೆ. "ಕಂಪ್ಯೂಟರಿನಿಂದ" ಎಂಬ ಒಂದೇ ಪದದ ಉತ್ತರದಲ್ಲಿ ಮರೆಯಾಗುವವರು ಅವರೇ.

ಮರ್ಮವು ತಿಳಿದರೆ ಸೊಗಸು ಕೆಡುವುದೆಂದು ಕೆಲವರು ಹೇಳುವರು. ನಮಗೆ ಹಾಗೆ ತೋರುವುದಿಲ್ಲ. ಕಪಿಯ ಬೊಂಬೆಯು ಒಂದೂವರೆ ಅಡಿಯದೆಂದು ತಿಳಿದ ಬಳಿಕವೂ ಅದು ಕಟ್ಟಡದ ಮೇಲಿಂದ ಬೀಳುವಾಗ ಮನಸ್ಸು ಮರುಗುವುದು. ತಿಳಿವಳಿಕೆಯಿಂದ ಹೋಗುವುದು ಬೆರಗಲ್ಲ, ಭ್ರಮೆ ಮಾತ್ರ. ಚಂದ್ರಯಾತ್ರೆಗೆ ಬಣ್ಣ ಹಚ್ಚಿದ ಆ ಸ್ತ್ರೀಯರ ಹೆಸರುಗಳು ಚಿತ್ರದ ಮೇಲೆ ಎಲ್ಲಿಯೂ ಇಲ್ಲ. ಈಗಿನ ಚಿತ್ರಗಳ ಕೊನೆಯಲ್ಲಿಯಾದರೋ ದುಡಿದವರ ಹೆಸರುಗಳು ಸಾಲುಸಾಲಾಗಿ ತೆರೆಯ ಮೇಲೆ ಏರಿಹೋಗುವುವು. ಆ ವೇಳೆಗೆ ನೋಡುವವರು ಎದ್ದು ಬಾಗಿಲ ಕಡೆಗೆ ನಡೆದಿರುತ್ತಾರೆ. ನಮ್ಮ ವಿದ್ಯಾರ್ಥಿನಿಯರು ಇನ್ನು ಮುಂದೆ ಆ ಎರಡು ಮೂರು ನಿಮಿಷ ಕುಳಿತಿದ್ದು, ಅವುಗಳಲ್ಲಿ ಕೆಲವನ್ನಾದರೂ ಓದಿ ಏಳಲಿ.