ದ್ರಾಕ್ಷಿ ತೋಟದ ನಡುವಿನ ದಾರಿ ಯಾರದು?

ಇಂಗ್ಲೆಂಡಿನಲ್ಲಿ ‘ಸುತ್ತು ನಡಿಗೆ’ ಎಂಬ ಒಂದು ರೂಢಿ ಇದೆ. ರೈಲು ನಿಲ್ದಾಣದಿಂದಲೋ ಹಳ್ಳಿಯಿಂದಲೋ ಹೊರಟು, ಹೊಲ, ತೋಟ, ಕಾಡು ದಾಟಿ, ಹೋದ ದಾರಿಯಲ್ಲೇ ಹಿಂದಿರುಗದೆ ಇನ್ನೊಂದು ದಾರಿಯಿಂದ ಹೊರಟ ಜಾಗಕ್ಕೇ ಬಂದು ಸೇರುವುದು. ಇದು ಸಾಹಸವೂ ಅಲ್ಲ, ಸ್ಪರ್ಧೆಯೂ ಅಲ್ಲ. ರಜಾ ದಿನದಲ್ಲಿ ಮಕ್ಕಳಿಂದ ಹಿಡಿದು ವಯಸ್ಸಾದವರವರೆಗೆ ಎಲ್ಲರೂ ಹೋಗುತ್ತಾರೆ. ಒಳ್ಳೆಯ ಬೂಟು, ನೀರಿನ ಬಾಟಲಿ, ಒಂದು ನಕ್ಷೆ ಇದ್ದರೆ ಸಾಕು. ಪ್ರವೇಶ ಶುಲ್ಕವಿಲ್ಲ.

ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ತೋಟ ಖಾಸಗಿ ಆಸ್ತಿ. ಅದಕ್ಕೆ ಮಾಲೀಕರಿದ್ದಾರೆ, ಒಳಗೆ ಬೆಲೆಬಾಳುವ ಬೆಳೆ ಇದೆ. ಹಾಗಿದ್ದರೂ ಯಾರನ್ನೂ ಕೇಳದೆ, ಯಾರಿಗೂ ಹಣ ಕೊಡದೆ ಜನ ಅದರ ನಡುವೆ ಹೇಗೆ ನಡೆಯುತ್ತಾರೆ? ಮಾಲೀಕರು ಏಕೆ ತಡೆಯುವುದಿಲ್ಲ? ಇದಕ್ಕೆ ಉತ್ತರ ತಿಳಿಯಲು ಮೊದಲು ಅಂಥ ಒಂದು ಸುತ್ತನ್ನು ನೋಡೋಣ.

ಡಾರ್ಕಿಂಗ್‌ನ ಸುತ್ತು

ಲಂಡನ್ನಿನ ನೈಋತ್ಯಕ್ಕೆ, ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿ, ಸರ್ರೆ ಜಿಲ್ಲೆಯ ಡಾರ್ಕಿಂಗ್ ಪಟ್ಟಣವಿದೆ. ಅದರ ಅಂಚಿನಲ್ಲೇ ಡೆನ್‌ಬೀಸ್ ಎಂಬ ದ್ರಾಕ್ಷಿ ತೋಟ. 1986ರಲ್ಲಿ ಇಲ್ಲಿ ದ್ರಾಕ್ಷಿ ನೆಡಲು ಆರಂಭಿಸಿದರು. ಈಗ ಸುಮಾರು 265 ಎಕರೆಯಲ್ಲಿ ಬಳ್ಳಿಗಳಿವೆ. ಅಷ್ಟು ಚಳಿಯ ದೇಶದಲ್ಲಿ ದ್ರಾಕ್ಷಿ ಬೆಳೆಯಲು ಎರಡು ಕಾರಣಗಳಿವೆ. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಚೆನ್ನಾಗಿ ಬೀಳುತ್ತದೆ. ಎರಡನೆಯದು ಮಣ್ಣು. ಕೆಳಗೆ ಇರುವುದು ಸೀಮೆಸುಣ್ಣದ ಜಾತಿಯ ಬಿಳಿ ಕಲ್ಲು. ಅದರಲ್ಲಿ ನೀರು ನಿಲ್ಲದೆ ಬಸಿದು ಹೋಗುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲೂ ಇಂಥದೇ ನೆಲವಿದೆ.

ನಮ್ಮ ವಿಜಯಪುರ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯನ್ನು ಹೆಚ್ಚಾಗಿ ಚಪ್ಪರಕ್ಕೆ ಹಬ್ಬಿಸುತ್ತಾರೆ. ಗೊಂಚಲುಗಳು ತಲೆಯ ಮೇಲೆ ತೂಗುತ್ತವೆ. ಡೆನ್‌ಬೀಸ್‌ನಲ್ಲಿ ಚಪ್ಪರವಿಲ್ಲ. ಕಂಬ ನೆಟ್ಟು, ತಂತಿ ಎಳೆದು, ಎದೆಯೆತ್ತರದ ಬೇಲಿಯಂತೆ ಬಳ್ಳಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಹಾಗಾಗಿ ದಾರಿಯಲ್ಲಿ ನಡೆಯುವವರಿಗೆ ಇಡೀ ಇಳಿಜಾರು ಕಾಣುತ್ತದೆ. ಅಲ್ಲಿನ ದ್ರಾಕ್ಷಿ ಹೋಗುವುದು ವೈನ್ ತಯಾರಿಕೆಗೆ. ಅದು ನಮ್ಮ ವಿಷಯವಲ್ಲ. ದಾರಿಯಲ್ಲಿ ಹೋಗುವವರು ಅಲ್ಲಿ ಏನನ್ನೂ ಕೊಳ್ಳಬೇಕಾಗಿಲ್ಲ ಎಂಬುದು ಮಾತ್ರ ನಮಗೆ ಮುಖ್ಯ.

ತೋಟದ ಮೂಲಕ ಮೇಲೇರುವ ದಾರಿ ‘ನಾರ್ತ್ ಡೌನ್ಸ್ ವೇ’ ಎಂಬ ಉದ್ದನೆಯ ನಡಿಗೆ ದಾರಿಯ ಒಂದು ತುಂಡು. 1978ರಲ್ಲಿ ತೆರೆದ ಈ ದಾರಿ ಫಾರ್ನ್‌ಹ್ಯಾಮ್‌ನಿಂದ ಡೋವರ್ ಕಡಲತೀರದವರೆಗೆ 153 ಮೈಲಿ ಸಾಗುತ್ತದೆ. ಏರು ಮುಗಿಯುತ್ತಾ ಬಂದಂತೆ ಬಳ್ಳಿಯ ಸಾಲುಗಳು ನಿಂತು ಕಾಡು ಶುರುವಾಗುತ್ತದೆ. ಬೀಚ್, ಓಕ್, ಯೂ ಮರಗಳು. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ಮರಗಳ ಕೆಳಗೆ ನೀಲಿ ಬ್ಲೂಬೆಲ್ ಹೂಗಳು. ಮೇಲೆ ರ್‍ಯಾನ್‌ಮೋರ್ ಎಂಬ ಜಾಗದಲ್ಲಿ 1859ರ ಒಂದು ಚರ್ಚ್ ಇದೆ. ಅದರ ಎತ್ತರದ ಗೋಪುರ ದೂರದಿಂದಲೇ ದಾರಿ ತೋರಿಸುತ್ತದೆ. ಹತ್ತಿರದ ಹುಲ್ಲಿನ ಇಳಿಜಾರಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಕಾಂಕ್ರೀಟ್ ಕಾವಲು ಗೂಡುಗಳು ಇನ್ನೂ ಇವೆ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಮತ್ತೆ ಡಾರ್ಕಿಂಗ್. ನಿಧಾನವಾಗಿ ನಡೆದರೂ ಎರಡು ಮೂರು ಗಂಟೆಯಲ್ಲಿ ಮುಗಿಯುವ ಸುತ್ತು.

ಮಣ್ಣು ಒಬ್ಬರದು, ದಾರಿ ಎಲ್ಲರದು

ಈಗ ನಮ್ಮ ಪ್ರಶ್ನೆಗೆ ಬರೋಣ. ಆಸ್ತಿ ಎಂದರೆ ಒಂದೇ ಹಕ್ಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅದು ಅನೇಕ ಹಕ್ಕುಗಳ ಕಟ್ಟು. ಮಾರುವ ಹಕ್ಕು, ಬಾಡಿಗೆಗೆ ಕೊಡುವ ಹಕ್ಕು, ಬೆಳೆ ತೆಗೆಯುವ ಹಕ್ಕು, ಹೊರಗಿನವರನ್ನು ತಡೆಯುವ ಹಕ್ಕು ಎಲ್ಲವೂ ಆ ಕಟ್ಟಿನಲ್ಲಿವೆ. ಇಂಗ್ಲೆಂಡಿನ ತೋಟಗಳಲ್ಲಿ ಸಾರ್ವಜನಿಕ ಕಾಲುದಾರಿ ಹಾದುಹೋಗಿದ್ದರೆ, ಆ ಒಂದು ಪಟ್ಟಿಯ ಮೇಲೆ ಜನರನ್ನು ತಡೆಯುವ ಹಕ್ಕು ಮಾಲೀಕರ ಕಟ್ಟಿನಲ್ಲಿ ಇಲ್ಲ. ಮಣ್ಣು ಅವರದೇ. ಅದರ ಮೇಲೆ ಹಾದುಹೋಗುವ ಹಕ್ಕು ಮಾತ್ರ ಎಲ್ಲರದು. ತೋಟ ಮಾರಾಟವಾದರೆ ದಾರಿಯೂ ಅದರ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ. ಕೊಳ್ಳುವವರು ಅದನ್ನು ತಿಳಿದೇ ಬೆಲೆ ಕಟ್ಟಬೇಕು.

ಈ ಹಕ್ಕು ಹುಟ್ಟುವುದು ಹೇಗೆ? ಬಹುಪಾಲು ದಾರಿಗಳು ಜನ ನಡೆದೂ ನಡೆದೂ ಆದವು. ಹೊಲಕ್ಕೆ, ಗಿರಣಿಗೆ, ಸಂತೆಗೆ, ಪ್ರಾರ್ಥನೆಗೆ ಹೋಗುತ್ತಿದ್ದ ದಾರಿಗಳು. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ, ಜನರು ಒಂದು ದಾರಿಯನ್ನು ತಡೆಯಿಲ್ಲದೆ 20 ವರ್ಷ ಬಳಸಿದರೆ, ಮಾಲೀಕರು ಅದನ್ನು ಜನರಿಗೆ ಬಿಟ್ಟುಕೊಟ್ಟಂತೆ ಎಂದು ಭಾವಿಸಲಾಗುತ್ತದೆ. ಬಿಟ್ಟುಕೊಡುವ ಉದ್ದೇಶವೇ ಇರಲಿಲ್ಲ ಎಂದು ಮಾಲೀಕರು ತೋರಿಸಿದರೆ ಮಾತ್ರ ವಿನಾಯಿತಿ. ಆ ಬಳಕೆಗೆ ಮೂರು ನಿಯಮಗಳಿವೆ. ಬಲವಂತದಿಂದ ಆಗಿರಬಾರದು, ಕದ್ದುಮುಚ್ಚಿ ಆಗಿರಬಾರದು, ಅನುಮತಿ ಪಡೆದೂ ಆಗಿರಬಾರದು. ಮೂರನೆಯದು ವಿಚಿತ್ರವಾಗಿ ಕಾಣಬಹುದು. ಅನುಮತಿ ಎಂದರೆ ಕೊಟ್ಟವರು ಹಿಂದಕ್ಕೆ ಪಡೆಯಬಹುದಾದದ್ದು. ಹಾಗೆ ಕೊಟ್ಟ ದಾರಿ ಎಷ್ಟು ವರ್ಷ ಕಳೆದರೂ ಉಪಕಾರವಾಗಿಯೇ ಉಳಿಯುತ್ತದೆ, ಹಕ್ಕಾಗುವುದಿಲ್ಲ. ಉಪಕಾರಕ್ಕೂ ಹಕ್ಕಿಗೂ ಇರುವ ವ್ಯತ್ಯಾಸ ಇದೇ.

ದಾಖಲೆ ಇಲ್ಲದಿದ್ದರೆ?

ಹಕ್ಕು ಇದ್ದರೆ ಸಾಲದು, ಅದಕ್ಕೆ ದಾಖಲೆ ಬೇಕು. 1932ರ ಏಪ್ರಿಲ್ 24ರಂದು ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಎಂಬ ಖಾಸಗಿ ಬೆಟ್ಟಕ್ಕೆ ನೂರಾರು ಯುವಜನರು, ಹೆಚ್ಚಿನವರು ಕಾರ್ಖಾನೆ ಪಟ್ಟಣಗಳ ಕಾರ್ಮಿಕರು, ಬೇಕೆಂದೇ ನುಗ್ಗಿ ನಡೆದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಕೇವಲ 20 ವರ್ಷ. ಅವರೂ ಸೇರಿ ಐವರು ಜೈಲಿಗೆ ಹೋದರು. ನಡೆಯುವ ಹಕ್ಕಿನ ಬೇಡಿಕೆ ಅಲ್ಲಿಗೆ ನಿಲ್ಲಲಿಲ್ಲ. 1949ರಲ್ಲಿ ಬಂದ ಕಾಯ್ದೆ, ಪ್ರತಿ ಜಿಲ್ಲಾಡಳಿತವೂ ತನ್ನ ವ್ಯಾಪ್ತಿಯ ಸಾರ್ವಜನಿಕ ದಾರಿಗಳನ್ನು ಸಮೀಕ್ಷೆ ಮಾಡಿ ಅಧಿಕೃತ ನಕ್ಷೆ ತಯಾರಿಸಬೇಕೆಂದು ಹೇಳಿತು. ಆ ನಕ್ಷೆಯಲ್ಲಿ ದಾರಿ ಇದ್ದರೆ ಅದೇ ಅಂತಿಮ ಸಾಕ್ಷಿ.

ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ಹಳದಿ ಬಾಣದ ಗುರುತು ಇದ್ದರೆ ಕಾಲ್ನಡಿಗೆಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ ಕೂಡ ಹೋಗಬಹುದು. ಹೊಲದ ನಡುವಿನ ಕಾಲುದಾರಿಯನ್ನು ರೈತರು ಉಳಬಹುದು, ಆದರೆ ಬಿತ್ತನೆಗೆ ಉತ್ತ ಮೇಲೆ 14 ದಿನದೊಳಗೆ ಕನಿಷ್ಠ 1 ಮೀಟರ್ ಅಗಲಕ್ಕೆ ಮತ್ತೆ ಸಮಮಾಡಿ ಕೊಡಬೇಕು. ಹೊಲದ ಅಂಚಿನ ದಾರಿಯನ್ನು ಉಳುವಂತೆಯೇ ಇಲ್ಲ.

ಆದರೂ ನಕ್ಷೆಗೆ ಸೇರದೆ ಉಳಿದ ಹಳೆಯ ದಾರಿಗಳು ಬಹಳ. ರ್‍ಯಾಂಬ್ಲರ್ಸ್ ಎಂಬ ನಡಿಗೆದಾರರ ಸಂಸ್ಥೆ ಹಳೆಯ ನಕ್ಷೆಗಳನ್ನು ಈಗಿನ ನಕ್ಷೆಗಳ ಜೊತೆ ಹೋಲಿಸಿ, 49,000 ಮೈಲಿಗೂ ಹೆಚ್ಚು ದಾರಿಗಳು ಬಿಟ್ಟುಹೋಗಿರಬಹುದು ಎಂದು ಲೆಕ್ಕ ಹಾಕಿತು. ಸಾವಿರಾರು ಸ್ವಯಂಸೇವಕರು ಕಂಪ್ಯೂಟರ್ ಮುಂದೆ ಕುಳಿತು ಮಾಡಿದ ಕೆಲಸ ಅದು. ಇಂಗ್ಲೆಂಡಿನಲ್ಲಿ ಹಳೆಯ ದಾರಿಗಳ ದಾಖಲಾತಿಗೆ ಮೊದಲು 2026ರ, ನಂತರ 2031ರ ಗಡುವು ಇತ್ತು. 2024ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಆ ಗಡುವನ್ನೇ ರದ್ದು ಮಾಡುವುದಾಗಿ ಪ್ರಕಟಿಸಿತು.

ನಮ್ಮಲ್ಲಿ ಹೇಗೆ?

ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಅದೇ 20 ವರ್ಷದ ಲೆಕ್ಕವಿದೆ. ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದಲೇ, ತಡೆಯಿಲ್ಲದೆ 20 ವರ್ಷ ಬಳಸಿದ ದಾರಿ ಹಕ್ಕಾಗುತ್ತದೆ. ಆದರೆ ಇದು ಮುಖ್ಯವಾಗಿ ಒಂದು ಜಮೀನಿನವರು ಪಕ್ಕದ ಜಮೀನಿನ ಮೂಲಕ ಹೋಗುವ ಹಕ್ಕು. ರಜೆಯಲ್ಲಿ ಸುಮ್ಮನೆ ನಡೆಯಲು ಬಂದವರಿಗೆ ಇದು ಅನ್ವಯಿಸುವುದಿಲ್ಲ. ಹೀಗಾಗಿ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದೊಳಗೆ ನಾವು ಡೆನ್‌ಬೀಸ್‌ನಲ್ಲಿ ಹೋದಂತೆ ಹೋಗಲಾಗದು, ಕೇಳಿಯೇ ಹೋಗಬೇಕು.

ಇನ್ನೊಂದು ದಾಖಲೆಯೂ ನಮ್ಮಲ್ಲಿದೆ. ಪ್ರತಿ ಗ್ರಾಮದ ಕಂದಾಯ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆ ಗೆರೆಗಳಲ್ಲಿ ಗುರುತಿಸಿರುತ್ತಾರೆ. ತಾಲ್ಲೂಕು ಕಚೇರಿಯ ಭಾಷೆಯಲ್ಲಿ ಇವು ‘ನಕಾಶೆ ಕಂಡ ದಾರಿ’. ಊರಿನಲ್ಲಿ ದಾರಿಯ ಜಗಳವಾದಾಗ ಎಲ್ಲರೂ ಮೊದಲು ಹುಡುಕುವುದು ಇದನ್ನೇ. ಸ್ಮಶಾನಕ್ಕೆ, ಖಬರಸ್ತಾನಕ್ಕೆ, ಕೆರೆಗೆ, ಹೊಲಕ್ಕೆ ಹೋಗುವ ದಾರಿ ಮುಚ್ಚಿಹೋದರೆ ತೊಂದರೆ ಯಾರಿಗೆ ಎಂದು ಯೋಚಿಸಿ. ಕಾರಿದ್ದವರು ಸುತ್ತಿ ಬರುತ್ತಾರೆ. ನಡೆಯುವವರಿಗೆ ಬೇರೆ ದಾರಿ ಇಲ್ಲ.

ಮನೆಯಲ್ಲಿ ಉರ್ದು ಮಾತನಾಡುವ ನನಗೆ ಈ ಪದಗಳು ಕುತೂಹಲ ಹುಟ್ಟಿಸುತ್ತವೆ. ಹಕ್ಕು, ರಸ್ತೆ, ನಕಾಶೆ, ಜಮೀನು, ಮಾಲೀಕ. ಉರ್ದುವಿನ ಹಕ್, ರಾಸ್ತಾ, ನಕ್ಷಾ, ಜಮೀನ್, ಮಾಲಿಕ್ ಇವೇ. ಅರಬ್ಬಿ, ಪಾರ್ಸಿಯಿಂದ ಬಂದ ಇವು ಕಚೇರಿಯ ಕಾಗದದ ಮೂಲಕ ಕನ್ನಡದ್ದೇ ಆಗಿಬಿಟ್ಟಿವೆ. ದಾರಿಬದಿ ಕೂರುವವರು ದಾರಿಗೆ ಅದರ ಹಕ್ಕನ್ನು ಕೊಡಬೇಕೆಂದು ಪ್ರವಾದಿ ಮುಹಮ್ಮದ್ (ಸ) ಅವರು ಹೇಳಿದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ನೋಟ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು ಆ ಹಕ್ಕಿನಲ್ಲಿ ಸೇರಿವೆ. ಅಂದರೆ ನಡೆಯುವವರಿಗೆ ದಾರಿಯ ಮೇಲೆ ಹಕ್ಕಿದ್ದಂತೆ, ದಾರಿಗೂ ನಮ್ಮ ಮೇಲೆ ಹಕ್ಕಿದೆ. ಇಂಗ್ಲೆಂಡಿನ ನಡಿಗೆದಾರರ ನಿಯಮಗಳಲ್ಲೂ ಇದೇ ಭಾವವಿದೆ. ಗೇಟು ಹೇಗಿತ್ತೋ ಹಾಗೆ ಬಿಡಿ, ಕಸ ಹೊತ್ತು ತನ್ನಿ, ನಾಯಿಯನ್ನು ಹತೋಟಿಯಲ್ಲಿಡಿ. ಬೆಳೆಯಲ್ಲಿ ಒಂದು ಹಣ್ಣನ್ನೂ ಕೀಳುವ ಹಕ್ಕು ಅಲ್ಲಿ ಯಾರಿಗೂ ಇಲ್ಲ. ಮಾಲೀಕರು ದಾರಿಯನ್ನು ಸಹಿಸುವುದು ಕಾನೂನಿನಿಂದ. ಆ ದಾರಿ ಜಗಳವಿಲ್ಲದೆ ಉಳಿಯುವುದು ನಡೆಯುವವರ ಈ ನಡತೆಯಿಂದ.

ಕರ್ನಾಟಕದ ಗ್ರಾಮ ನಕಾಶೆಗಳು ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಈ ರಜೆಯಲ್ಲಿ ನಿಮ್ಮ ಊರಿನದನ್ನು ತೆರೆದು ನೋಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚುಕ್ಕೆ ಗೆರೆಗಳ ಮೇಲೆ ಬೆರಳಿಟ್ಟು, ಇದು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿ. ಆಮೇಲೆ, ಆ ದಾರಿ ಇನ್ನೂ ಇದೆಯೇ ಎಂದು ನಡೆದೇ ನೋಡಿ.